ವಂತಿಗೆಯ ಹಣ, ಹೆಸರಿನ ಹೊಣೆ

ಹೆಸರು ಗಳಿಸಿದ ಚಿತ್ರನಿರ್ದೇಶಕರೂ ವಿಡಿಯೋ ಆಟಗಳ ನಿರ್ಮಾಪಕರೂ ತಮ್ಮ ಮುಂದಿನ ಕೃತಿಗೆ ಬೇಕಾದ ಬಂಡವಾಳವನ್ನು ಧನಿಕರ ಬಾಗಿಲಿಗೆ ಹೋಗಿ ಕೇಳದೆ, ಅಂತರ್ಜಾಲದ ಮೂಲಕ ಸಾರ್ವಜನಿಕರಿಂದಲೇ ಕೂಡಿಸುವ ಪದ್ಧತಿಯು ಈಗ ಹೊಸದಲ್ಲ. ಕ್ರೌಡ್‌ಫಂಡಿಂಗ್ ಎಂದು ಕರೆಯಲ್ಪಡುವ ಈ ಪದ್ಧತಿಯು ಒಳ್ಳೆಯದೋ ಕೆಟ್ಟುದೋ ಎಂಬ ವಾದವೂ ಹಳತಾಯಿತು. ಆದರೆ ಹೀಗೆ ಕೊಟ್ಟ ಹಣವು ದಾನವೋ, ಮುಂಗಡ ಬೆಲೆಯೋ, ಪಾಲುಬಂಡವಾಳವೋ ಎಂಬ ಪ್ರಶ್ನೆಗೆ ಮಾತ್ರ ಇನ್ನೂ ನೇರವಾದ ಉತ್ತರ ದೊರೆತಿಲ್ಲ. ಕೈಯಲ್ಲಿರುವ ಫೋನಿನಿಂದಲೇ ಕ್ಷಣಮಾತ್ರದಲ್ಲಿ ಹಣ ಕಳುಹಿಸಬಹುದಾದ ಈ ಕಾಲದಲ್ಲಿ ಅದನ್ನು ವಿಚಾರಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಕಲೆಗಾಗಿ ಹತ್ತು ಜನ ಕೂಡಿ ಹಣ ಹಾಕುವುದು ಮಂಡ್ಯದ ಸೀಮೆಗೆ ಪರದೇಶದಿಂದ ಬಂದ ವಿದ್ಯೆಯಲ್ಲ. ನಮ್ಮ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕವನ್ನು ಕಟ್ಟುವಾಗ ಪಾತ್ರಧಾರಿಗಳೇ ತಮ್ಮ ತಮ್ಮ ಪಾತ್ರಕ್ಕೆ ತಕ್ಕಂತೆ ಹಣ ಹಾಕುವರು. ಕೃಷ್ಣನಿಗೊಂದು ಮೊತ್ತ, ದುರ್ಯೋಧನನಿಗೊಂದು ಮೊತ್ತ, ಸಣ್ಣ ಪಾತ್ರಕ್ಕೆ ಸಣ್ಣ ಮೊತ್ತ. ಹಾರ್ಮೋನಿಯಂ ಮೇಷ್ಟರ ಸಂಭಾವನೆ, ಸೀನರಿಯ ಬಾಡಿಗೆ, ದೀಪದ ಖರ್ಚು ಎಲ್ಲವೂ ಇದರಿಂದಲೂ ಊರಿನ ವಂತಿಗೆಯಿಂದಲೂ ಹೊರಡಬೇಕು. ಅಲ್ಲಿ ಹಣ ಕೊಟ್ಟವನಿಗೆ ತಾನು ಪಡೆಯುವುದೇನೆಂಬ ವಿಷಯದಲ್ಲಿ ಸಂದೇಹವಿಲ್ಲ. ಲೆಕ್ಕ ಕೇಳುವುದಕ್ಕೆ ಸಂಕೋಚವೂ ಇಲ್ಲ. ಹಣ ಪಡೆದವನು ಬೆಳಗಾದರೆ ಅದೇ ಅರಳಿಕಟ್ಟೆಯ ಮುಂದೆ ನಡೆದುಹೋಗಬೇಕಾದವನು. 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪೆನಿಯಲ್ಲಿ ರೈತರೂ ಷೇರುದಾರರಾದುದನ್ನು ಕಂಡ ಜಿಲ್ಲೆಯಿದು. ಷೇರೆಂದರೇನು, ವಂತಿಗೆಯೆಂದರೇನು ಎಂಬ ಭೇದವನ್ನು ನಮ್ಮ ಜನಕ್ಕೆ ಹೊಸದಾಗಿ ಕಲಿಸಬೇಕಾಗಿಲ್ಲ.

ಚಲನಚಿತ್ರದಲ್ಲಿಯೂ ಇದಕ್ಕೆ ಹಿಂದಿನ ನಿದರ್ಶನವುಂಟು. ಶ್ಯಾಮ್ ಬೆನಗಲ್ಲರು 1976ರಲ್ಲಿ ತೆಗೆದ ‘ಮಂಥನ್’ ಚಿತ್ರಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲೆಗೆ 2 ರೂಪಾಯಿಯಂತೆ ಕೊಟ್ಟರು. ಮುಖ್ಯ ಪಾತ್ರವನ್ನು ವಹಿಸಿದವರು ನಮ್ಮ ಗಿರೀಶ ಕಾರ್ನಾಡರು. ಗೆಜ್ಜಲಗೆರೆಯ ಡೇರಿಗೆ ಹಾಲು ಹಾಕುವ ಮದ್ದೂರಿನ ರೈತನು ಇದರ ಮರ್ಮವನ್ನು ಸುಲಭವಾಗಿ ಗ್ರಹಿಸಬಲ್ಲನು. ಬೆನಗಲ್ಲರು ಆಗಲೇ ಪ್ರಸಿದ್ಧರು. ಆದರೆ ರೈತರು ಹಣ ಕೊಟ್ಟದ್ದು ಅವರ ಪ್ರಸಿದ್ಧಿಯನ್ನು ನೋಡಿ ಅಲ್ಲ. ಅದು ರೈತರ ಸಹಕಾರ ಸಂಘದ ಕಥೆ, ಹಣ ಕೂಡಿದುದು ಅವರ ಸಂಘದ ಮೂಲಕ. ಕೊಟ್ಟವನಿಗೂ ಕೃತಿಗೂ ಅಲ್ಲಿ ಸಂಬಂಧವಿತ್ತು. ನಡುವೆ ಉತ್ತರ ಹೇಳುವ ಸಂಸ್ಥೆಯೊಂದಿತ್ತು.

ಕನ್ನಡದಲ್ಲಿ ಈ ಮಾರ್ಗವನ್ನು ಪ್ರಸಿದ್ಧಗೊಳಿಸಿದವರು ಶ್ರೀ ಪವನ್ ಕುಮಾರರು. ‘ಮನಸಾರೆ’, ‘ಪಂಚರಂಗಿ’ಗಳಿಗೆ ಬರವಣಿಗೆ ಮಾಡಿ, 2011ರಲ್ಲಿ ‘ಲೈಫು ಇಷ್ಟೇನೆ’ ಚಿತ್ರವನ್ನು ನಿರ್ದೇಶಿಸಿದ್ದ ಅವರಿಗೂ ತಮ್ಮ ಮುಂದಿನ ಕಥೆಗೆ ನಿರ್ಮಾಪಕರು ದೊರೆಯಲಿಲ್ಲ. ತಮ್ಮ ಬೇಸರವನ್ನು ಅಂತರ್ಜಾಲದಲ್ಲಿ ಬರೆದು, ಪ್ರೇಕ್ಷಕರನ್ನೇ ಕೇಳಿದರು. 27 ದಿನಗಳಲ್ಲಿ 110 ಮಂದಿ ಸುಮಾರು 51 ಲಕ್ಷ ರೂಪಾಯಿಗಳನ್ನು ಕೊಟ್ಟರು. ಹೀಗೆ ಸಿದ್ಧವಾದ ‘ಲೂಸಿಯಾ’ ಚಿತ್ರವು 2013ರಲ್ಲಿ ಲಂಡನ್ನಿನ ಭಾರತೀಯ ಚಲನಚಿತ್ರೋತ್ಸವದಲ್ಲಿ ಪ್ರೇಕ್ಷಕರ ಬಹುಮಾನವನ್ನು ಪಡೆದು, ಅದೇ ವರ್ಷ ಸೆಪ್ಟೆಂಬರಿನಲ್ಲಿ ನಾಡಿನಲ್ಲಿ ತೆರೆಕಂಡು, 2015ರಲ್ಲಿ ತಮಿಳಿಗೂ ಹೋಯಿತು. ಅದರ ನಾಯಕ ಶ್ರೀ ಸತೀಶ್ ನೀನಾಸಂ ಮಂಡ್ಯ ಜಿಲ್ಲೆಯವರು, ಹೆಗ್ಗೋಡಿನಲ್ಲಿ ನಾಟಕ ಕಲಿತವರು ಎಂಬುದು ನಮಗೆ ಸಂತೋಷದ ವಿಷಯ. ಕೇಳಿದ್ದು ಮಿತವಾಗಿ, ಕೊಟ್ಟವರು ಎಣಿಕೆಗೆ ಸಿಗುವಷ್ಟು ಜನ, ಚಿತ್ರ ತೆರೆಗೆ ಬಂದುದು ಎರಡು ವರ್ಷಗಳೊಳಗೆ. ಈ ಮಾರ್ಗವಿಲ್ಲದಿದ್ದಲ್ಲಿ ಆ ಚಿತ್ರವೇ ಹುಟ್ಟುತ್ತಿರಲಿಲ್ಲವೇನೋ. ಆದುದರಿಂದ ಪದ್ಧತಿಯನ್ನೇ ಹಳಿಯುವವರ ಪಕ್ಷದಲ್ಲಿ ನಾವಿಲ್ಲ.

ಆದರೆ ಮೊತ್ತವು ಬೆಳೆದಂತೆ ಹೊಣೆಯು ತೆಳುವಾಗುವುದನ್ನು ಅಮೆರಿಕೆಯ ಅನುಭವವು ತೋರಿಸುತ್ತದೆ. 2012ರಲ್ಲಿ ಟಿಮ್ ಶೇಫರ್ ಎಂಬ ಹಳೆಯ ಆಟಗಾರಿಕೆಯ ನಿರ್ಮಾತೃವು ಕಿಕ್‌ಸ್ಟಾರ್ಟರ್ ಸಂಸ್ಥೆಯ ಮೂಲಕ 4 ಲಕ್ಷ ಡಾಲರು ಕೇಳಿದರು. 87 ಸಾವಿರ ಜನ 33 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟರು. ಕೇಳಿದ್ದಕ್ಕಿಂತ ಎಂಟು ಪಾಲು ಬಂದರೂ ಹಣ ಸಾಲಲಿಲ್ಲ. ಏಕೆಂದರೆ ಹಣದೊಡನೆ ಆಶೆಯೂ ಬೆಳೆಯಿತು. ಅದೇ ವರ್ಷ ಬರಬೇಕಾಗಿದ್ದ ಆಟದ ಮೊದಲರ್ಧ 2014ರಲ್ಲಿ, ಉಳಿದರ್ಧ 2015ರಲ್ಲಿ ಬಂದಿತು. ಆದರೂ ಕೆಲಸ ನಡೆದ ಬಗೆಯನ್ನು, ಎಡವಿದ್ದನ್ನೂ ಸೇರಿಸಿ, ಚಿತ್ರೀಕರಿಸಿ ತೋರಿಸಿದ ಆತನ ಪ್ರಾಮಾಣಿಕತೆಯು ಮೆಚ್ಚತಕ್ಕದ್ದು. ಕ್ರಿಸ್ ರಾಬರ್ಟ್ಸ್ ಎಂಬ ಮತ್ತೊಬ್ಬ ಪ್ರಸಿದ್ಧರು 2012ರಲ್ಲಿಯೇ ಆರಂಭಿಸಿದ ‘ಸ್ಟಾರ್ ಸಿಟಿಜನ್’ ಆಟಕ್ಕೆ 70 ಕೋಟಿ ಡಾಲರಿಗೂ ಮಿಕ್ಕಿ ಹಣ ಬಂದಿದೆ. ಆಡಲು ಬಿಡಿಭಾಗಗಳು ದೊರೆತಿವೆಯಾದರೂ, 2014ಕ್ಕೆಂದು ಹೇಳಿದ್ದ ಪೂರ್ಣ ಆಟವು 2024 ಮುಗಿದರೂ ಬರಲಿಲ್ಲ. 2013ರಲ್ಲಿ ‘ವೆರೋನಿಕಾ ಮಾರ್ಸ್’ ಚಿತ್ರಕ್ಕಾಗಿ ಅಭಿಮಾನಿಗಳು 57 ಲಕ್ಷ ಡಾಲರು ಕೊಟ್ಟರು. ಅದರ ಹಕ್ಕುಗಳಿದ್ದುದು ವಾರ್ನರ್ ಬ್ರದರ್ಸ್ ಎಂಬ ಭಾರಿ ಕಂಪೆನಿಯ ಕೈಯಲ್ಲಿ. ಕೊಟ್ಟವರಿಗೆ ಅಂಗಿ, ಚಿತ್ರದ ಪ್ರತಿ ಮುಂತಾದ ಪ್ರತಿಫಲಗಳು ದೊರೆತವು, ಲಾಭದಲ್ಲಿ ಪಾಲಿಲ್ಲ.

ಕೊಡುವವನು ಬಲ್ಲವನು, ಅವನನ್ನು ಯಾರೂ ಬಲವಂತಪಡಿಸಲಿಲ್ಲ, ಅಭಿಮಾನಕ್ಕೆ ಲೆಕ್ಕವೇಕೆ ಎಂದು ಕೆಲವರು ಕೇಳುವರು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಹೊಸಬನೊಬ್ಬನು ಕೈಚಾಚಿದಾಗ ಜನರು ಅವನ ಯೋಜನೆಯನ್ನು ಹತ್ತು ಸಲ ಪರೀಕ್ಷಿಸುತ್ತಾರೆ. ಹೆಸರುವಾಸಿಯು ಕೇಳಿದಾಗ ಹೆಸರನ್ನೇ ಜಾಮೀನೆಂದು ತಿಳಿದು ಪರೀಕ್ಷೆಯನ್ನು ಬಿಡುತ್ತಾರೆ. ಬ್ಯಾಂಕಿನವರು ಕೀರ್ತಿಯೊಂದನ್ನೇ ಅಡವಿಟ್ಟುಕೊಂಡು ಸಾಲ ಕೊಡುವುದಿಲ್ಲ, ಜನರು ಕೊಡುತ್ತಾರೆ. ಆ ಕೀರ್ತಿಯಾದರೂ ಹಿಂದೆ ಟಿಕೆಟ್ಟು ಕೊಂಡ ಇದೇ ಜನರಿಂದ ಬಂದುದು. ಬ್ಯಾಂಕು ಕೇಳುವಷ್ಟು ಲೆಕ್ಕವನ್ನೂ ಜನರಿಗೆ ಒಪ್ಪಿಸದಿರುವುದು ಯಾವ ನ್ಯಾಯ? ಹೆಸರಿದ್ದವನಿಗೆ ವಿನಾಯಿತಿ ಹೆಚ್ಚಲ್ಲ, ಹೊಣೆ ಹೆಚ್ಚು.

ಕಾನೂನು ಇಲ್ಲಿ ಹಿಂದೆ ಉಳಿದಿದೆ. ಸೆಬಿಯು 2014ರಲ್ಲಿ ಪಾಲುಬಂಡವಾಳದ ಸ್ವರೂಪದ ವಂತಿಗೆಯನ್ನು ಕುರಿತು ಚರ್ಚಾಪತ್ರವನ್ನು ಹೊರಡಿಸಿತು. ಅದು ಪ್ರತ್ಯೇಕ ನಿಯಮಾವಳಿಯ ರೂಪಕ್ಕೆ ಬರಲಿಲ್ಲ. ಸರ್ಕಾರವು ದಾರಿ ತೋರಿಸುವವರೆಗೆ ಕಲಾವಿದರು ತಾವೇ ಮರ್ಯಾದೆಯನ್ನು ಹಾಕಿಕೊಳ್ಳಬಹುದು. ಕೇಳುವ ಮುನ್ನವೇ ಇದು ದಾನ, ಇದು ಬೆಲೆ, ಇದು ಪಾಲು ಎಂದು ಬಿಡಿಸಿ ಹೇಳಲಿ. ಹಿಂದೆ ನಿಂತಿರುವ ಧನಿಕರು ಯಾರು, ಕೃತಿಯ ಹಕ್ಕು ಯಾರದೆಂಬುದನ್ನು ಮುಚ್ಚಿಡದಿರಲಿ. ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಮೂರು ತಿಂಗಳಿಗೊಮ್ಮೆ ಖರ್ಚಿನ ಪಟ್ಟಿಯನ್ನು ಪ್ರಕಟಿಸಲಿ. ಕೆಲಸ ನಿಂತರೆ ನಿಂತಿತೆಂದು ಹೇಳಿ, ಉಳಿದುದನ್ನು ಹಿಂದಿರುಗಿಸಲಿ.

ಓದುಗರಿಗೆ ನಾವು ಹೇಳುವುದಿಷ್ಟೆ: ಮೆಚ್ಚಿದವರಿಗೆ ಕೊಡಿರಿ, ಆದರೆ ಕಳೆದುಹೋದರೂ ಸಂಸಾರಕ್ಕೆ ಪೆಟ್ಟಾಗದಷ್ಟನ್ನು ಕೊಡಿರಿ, ಕೊಟ್ಟ ಮೇಲೆ ಲೆಕ್ಕ ಕೇಳಿರಿ. ಲೆಕ್ಕ ಕೇಳುವುದು ಅಭಿಮಾನಕ್ಕೆ ಕುಂದಲ್ಲ. ಕುರುಕ್ಷೇತ್ರದ ಕೃಷ್ಣನ ವೇಷ ಕಟ್ಟಿದವನನ್ನು ರಾತ್ರಿಯೆಲ್ಲಾ ಕೊಂಡಾಡಿದ ಊರು, ಮರುದಿನ ಸೀನರಿಗೆಷ್ಟು ಕೊಟ್ಟಿರೆಂದು ಅವನನ್ನೇ ಕೇಳುತ್ತದೆ, ಅವನೂ ಹೇಳುತ್ತಾನೆ. ಆ ನಾಟಕಗಳು ಇನ್ನೂ ನಡೆಯುತ್ತಿರುವುದು ಆ ನಡತೆಯಿಂದಲೇ.