ಆಪರೇಷನ್ ಫ್ರೀ, ಆಮೇಲಿನ ಖರ್ಚು ಯಾರದ್ದು?

ಕಿವಿ ಕೇಳದ ಮಗುವಿಗೆ ಫ್ರೀ ಆಪರೇಷನ್ ಆದರೆ ಊರಿಗೆಲ್ಲ ಸುದ್ದಿ. ಮೂರು ವರ್ಷ ಬಿಟ್ಟು ಆ ಮಗುವಿಗೆ ಇನ್ನೂ ಕೇಳಿಸುತ್ತಿದೆಯಾ ಎಂದು ನೋಡಲು ಯಾರು ಬರುತ್ತಾರೆ? ನಮ್ಮ ತಕರಾರು ಇರುವುದು ಇಲ್ಲೇ.

ಕಾಕ್ಲಿಯರ್ ಇಂಪ್ಲಾಂಟ್ ಎಂದರೆ ಎರಡು ಭಾಗ. ಒಂದನ್ನು ಆಪರೇಷನ್ ಮಾಡಿ ಕಿವಿಯ ಹಿಂದೆ, ಚರ್ಮದ ಕೆಳಗೆ ಕೂರಿಸುತ್ತಾರೆ. ಅದರ ತಂತಿ ಒಳಕಿವಿಗೆ ಹೋಗುತ್ತದೆ. ಇನ್ನೊಂದು, ಹೊರಗೆ ಹಾಕಿಕೊಳ್ಳುವ ಪ್ರೊಸೆಸರ್. ಹೊರಗಿನದು ನಿಂತರೆ ಒಳಗಿನದೂ ನಿಂತ ಹಾಗೆ. ಕೇಬಲ್ ತುಂಡಾಗುತ್ತದೆ, ಬ್ಯಾಟರಿ ಮುಗಿಯುತ್ತದೆ, ಬೆವರು ಇಳಿಯುತ್ತದೆ. ಒಂದು ಕಂಪನಿಯ ಇಂಪ್ಲಾಂಟಿಗೆ ಇನ್ನೊಂದು ಕಂಪನಿಯ ಪ್ರೊಸೆಸರ್ ಹೊಂದುವುದಿಲ್ಲ. ಮೊಬೈಲ್ ಚಾರ್ಜರ್ ತರಹ ಸಂತೆಯಲ್ಲಿ ಸಿಗುವ ಸಾಮಾನೂ ಅಲ್ಲ.

ಕೇಂದ್ರದ ಅಡಿಪ್ ಯೋಜನೆಯಲ್ಲಿ ಒಂದು ಮಗುವಿನ ಇಂಪ್ಲಾಂಟಿಗೆ 6 ಲಕ್ಷ ರೂಪಾಯಿವರೆಗೆ ಕೊಡುವ ನಿಯಮ 2014ರಲ್ಲೇ ಬಂತು. ರಾಜ್ಯದಲ್ಲಿ ಶ್ರವಣ ಸಂಜೀವಿನಿ ಇದೆ. ಒಳ್ಳೆಯದೇ, ಬೇಡ ಎನ್ನುವವರು ನಾವಲ್ಲ. ಆದರೆ ಲಕ್ಷಗಟ್ಟಲೆ ಕೊಟ್ಟ ಮೇಲೆ ಒಂದು ಕೇಬಲ್ ಇಲ್ಲದೆ ಮಗು ತಿಂಗಳುಗಟ್ಟಲೆ ಕಿವುಡಾಗಿ ಕೂತರೆ, ಆ ದುಡ್ಡು ನೀರಿಗೆ ಹಾಕಿದಂತೆ ತಾನೆ?

‘ತಂದೆ ತಾಯಿ ಸರಿಯಾಗಿ ಥೆರಪಿಗೆ ಬರಲ್ಲ’ ಎನ್ನುತ್ತಾರೆ. ಹೇಗೆ ಬರಬೇಕು? ಆಪರೇಷನ್ ಆದ ಕೂಡಲೇ ಮಗುವಿಗೆ ಮಾತು ಬರುವುದಿಲ್ಲ. ಕೆಲವು ವಾರ ಬಿಟ್ಟು ಯಂತ್ರ ಆನ್ ಮಾಡಬೇಕು, ಮತ್ತೆ ಮತ್ತೆ ಮ್ಯಾಪಿಂಗ್ ಮಾಡಿಸಬೇಕು, ವರ್ಷಗಟ್ಟಲೆ ಮಾತಿನ ತರಬೇತಿ ಕೊಡಿಸಬೇಕು. ಪ್ರತಿ ಸಲ ಮೈಸೂರು, ಹುಬ್ಬಳ್ಳಿ, ಬೆಂಗಳೂರು ಬಸ್ಸು. ಅಪ್ಪನ ಕೂಲಿ ಹೋಯಿತು, ಅವ್ವನ ಕೂಲಿಯೂ ಹೋಯಿತು. ಇದು ಉದಾಸೀನವಲ್ಲ, ದೂರ.

ಇನ್ನೊಂದು ಮಾತು. ಎಲ್ಲ ಕಿವುಡಿಗೂ ಇದೇ ಮದ್ದಲ್ಲ. ಕಿವಿಯ ತೂತೇ ಇಲ್ಲದೆ ಹುಟ್ಟಿದವರಿಗೆ, ಸದಾ ಕಿವಿ ಸೋರುವವರಿಗೆ, ಒಳಕಿವಿ ಚೆನ್ನಾಗಿದ್ದರೆ ಮೂಳೆಯ ಮೂಲಕ ಶಬ್ದ ಮುಟ್ಟಿಸುವ ಯಂತ್ರವಿದೆ. ಚಿಕ್ಕ ಮಕ್ಕಳ ತಲೆಬುರುಡೆ ತೆಳುವಾಗಿರುವುದರಿಂದ ಅದನ್ನು ಪಟ್ಟಿ ಕಟ್ಟಿ ಹಾಕುತ್ತಾರೆ, ಆಪರೇಷನ್ ಬೇಕಿಲ್ಲ. ದೊಡ್ಡವರೂ ಮೊದಲು ಪಟ್ಟಿಯಲ್ಲೇ ಕೇಳಿ ನೋಡಬಹುದು. ನೋಡಿದ ಮೇಲೆ ಸ್ಕ್ರೂ ಹಾಕಿಸುವ ಮಾತು.

ಸಹಿ ಹಾಕುವ ಮುಂಚೆ ನೀವು ಕೇಳಲೇಬೇಕಾದ್ದು: ಯಾವ ಕಂಪನಿ? ಒಳಗಿನ ಭಾಗಕ್ಕೆ ಎಷ್ಟು ವರ್ಷ ವಾರಂಟಿ, ಹೊರಗಿನದಕ್ಕೆ ಎಷ್ಟು? ಕೆಟ್ಟರೆ ಹತ್ತಿರದ ಸರ್ವಿಸ್ ಎಲ್ಲಿ? ಕೇಬಲ್, ಬ್ಯಾಟರಿಗೆ ವರ್ಷಕ್ಕೆಷ್ಟು ಖರ್ಚು? ಥೆರಪಿ ಯಾವ ಊರಲ್ಲಿ? ಉತ್ತರವನ್ನು ಬರೆಸಿಕೊಳ್ಳಿ. ಮನೆಗೆ ಬಂದ ಮೇಲೆ ರಾತ್ರಿ ಪ್ರೊಸೆಸರನ್ನು ತೇವ ಹೀರುವ ಡಬ್ಬಿಯಲ್ಲಿಡಿ. ಸ್ನಾನಕ್ಕೆ ಮುಂಚೆ ತೆಗೆಯಿರಿ. ಎಂ.ಆರ್.ಐ. ಮಾಡಿಸುವ ಮುಂಚೆ ಒಳಗೆ ಅಯಸ್ಕಾಂತವಿದೆ ಎಂದು ಹೇಳಿ.

ಸರ್ಕಾರಕ್ಕೆ ನಮ್ಮ ಬೇಡಿಕೆ ದೊಡ್ಡದಲ್ಲ. ಜಿಲ್ಲಾಸ್ಪತ್ರೆಯಲ್ಲಿ ಬಿಡಿಭಾಗ ಸಿಗಲಿ, ವಾರಕ್ಕೊಂದು ದಿನವಾದರೂ ಥೆರಪಿ ನಡೆಯಲಿ. ಪ್ರೊಸೆಸರ್ ರಿಪೇರಿಗೆ ಹೋದಾಗ ಬದಲಿ ಒಂದು ಕೊಡಲಿ. ಎಷ್ಟು ಆಪರೇಷನ್ ಆಯಿತು ಎಂಬ ಲೆಕ್ಕದ ಪಕ್ಕದಲ್ಲೇ, ಇವತ್ತು ಎಷ್ಟು ಮಕ್ಕಳು ಯಂತ್ರ ಹಾಕಿಕೊಂಡು ಶಾಲೆಗೆ ಬಂದಿದ್ದಾರೆ ಎಂಬ ಲೆಕ್ಕವನ್ನೂ ಇಡಲಿ. ಮುಂದಿನ ಗ್ರಾಮಸಭೆಯಲ್ಲಿ ಈ ಲೆಕ್ಕ ಕೇಳೋಣ.