ಭಯಾನಕರಸವೂ ಎರಡನೆಯ ನಾಗವಲ್ಲಿಯೂ

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿಗೆ ಕಾದಿರುವ ಹುಡುಗರಲ್ಲಿಯೂ ಬೇಲೂರಿನ ಕಾಫಿ ಹೋಟೆಲುಗಳಲ್ಲಿಯೂ ಒಂದು ವಾದವು ಬಹುಕಾಲದಿಂದ ನಡೆದುಬಂದಿದೆ. 2004ರಲ್ಲಿ ತೆರೆಕಂಡ ‘ಆಪ್ತಮಿತ್ರ’ವು ಮೇಲೋ, 2010ರಲ್ಲಿ ಅದರ ಉತ್ತರಭಾಗವಾಗಿ ಬಂದ ‘ಆಪ್ತರಕ್ಷಕ’ವು ಮೇಲೋ ಎಂಬುದೇ ಆ ವಾದ. ಸಾಹಿತ್ಯಪತ್ರಿಕೆಗೆ ಇದು ತಕ್ಕ ವಿಷಯವಲ್ಲವೆಂದು ಮೂಗುಮುರಿಯುವ ಹಿರಿಯರುಂಟು. ಹುಡುಗರು ‘ಭಯಂಕರವಾಗಿದೆ’ ಎಂದು ಬೀದಿಯಲ್ಲಿ ಕೂಗುತ್ತಿರುವಾಗ, ಭಯಾನಕದ ಲಕ್ಷಣವನ್ನು ಓದಿದ ನಾವು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಕೊಂಡು ಕುಳಿತರೆ ಆ ವಿದ್ಯೆಯಿಂದ ಯಾರಿಗೇನು ಪ್ರಯೋಜನವೆಂದು ಅವರನ್ನೇ ಕೇಳುತ್ತೇನೆ.

ಉತ್ತರಭಾಗದ ಪಕ್ಷದವರು ಹೇಳುವುದಿಷ್ಟು. ಎರಡನೆಯದರಲ್ಲಿ ವೇಗವು ಹೆಚ್ಚು; ದೊಡ್ಡ ಸರ್ಪವುಂಟು; ನೂರು ವರ್ಷ ಮೀರಿಯೂ ಸಾಯದ ರಾಜನುಂಟು. ಮೊದಲನೆಯದರಲ್ಲಾದರೋ ಅರ್ಧಚಿತ್ರ ಕಳೆದರೂ ದೆವ್ವವೇ ಕಾಣದು! ಅವರು ದೂರೆಂದು ಹೇಳುವ ಈ ಕೊನೆಯ ಮಾತನ್ನೇ ನಾನು ಆ ಚಿತ್ರದ ಪ್ರಶಸ್ತಿಯೆಂದು ಎಣಿಸುತ್ತೇನೆ.

ಭರತಮುನಿಯು ಭಯಾನಕಕ್ಕೆ ವಿಭಾವಗಳನ್ನು ಎಣಿಸುವಾಗ ವಿಕೃತವಾದ ಧ್ವನಿ, ಅರಣ್ಯ ಮೊದಲಾದುವುಗಳ ಜೊತೆಗೆ ಶೂನ್ಯಗೃಹವನ್ನೂ ಸೇರಿಸಿದ್ದಾನೆ. ಬರಿದಾದ ಮನೆಯಲ್ಲಿ ಹೆದರಿಸುವ ವಸ್ತು ಯಾವುದೂ ಇಲ್ಲ. ಇರಬಹುದೆಂಬ ಶಂಕೆಯೊಂದೇ ಉಂಟು. ‘ಆಪ್ತಮಿತ್ರ’ದ ಅರಮನೆಯಲ್ಲಿ ಬಾಗಿಲು ಮುಚ್ಚಿದ ಆ ಕೋಣೆಯು ಇಂಥದು. ಗಂಗೆಯು ಅದನ್ನು ತೆರೆಯಿಸಿದ ಮೇಲೆ ನಡೆಯುವ ಸಂಗತಿಗಳಲ್ಲಿ ನನಗೆ ಅತ್ಯಂತ ಭಯವನ್ನುಂಟುಮಾಡಿದುದು ಯಾವುದೆಂದರೆ, ಹೊರಗೆ ಹೊರಟವಳನ್ನು ಗಂಡನು ತಡೆದಾಗ ಅವಳ ಕಣ್ಣು ಬದಲಾಗಿ, ಮಂಚವನ್ನೇ ಎತ್ತಿಹಿಡಿಯುವ ಸಂದರ್ಭ. ಅಲ್ಲಿ ದೆವ್ವದ ವೇಷವಿಲ್ಲ. ದಿನವೂ ಅನ್ನವಿಕ್ಕುವ ಹೆಂಡತಿ, ಮನೆಯ ಮಂಚ. ತನ್ನವಳೆಂದು ತಿಳಿದವಳು ಯಾರೆಂದು ತಿಳಿಯದೆ ಹೋಗುವುದಕ್ಕಿಂತ ಹೆಚ್ಚಿನ ಭಯವನ್ನು ಯಾವ ಸರ್ಪವು ಹುಟ್ಟಿಸೀತು? ಸರ್ಪವನ್ನು ಕಂಡು ‘ಅಬ್ಬಾ, ಎಷ್ಟು ಉದ್ದ!’ ಎನ್ನುವೆವು. ಅದರ ಸ್ಥಾಯಿಯು ವಿಸ್ಮಯ; ಅದು ಅದ್ಭುತಕ್ಕೆ ಸೇರಿತು. ಯಕ್ಷಗಾನದ ಬಣ್ಣದ ವೇಷವು ಮೊದಲು ತೆರೆಯ ಹಿಂದೆ ಕುಣಿದು, ಆರ್ಭಟಿಸಿ, ಚೂರುಚೂರಾಗಿ ಕಾಣಿಸಿಕೊಳ್ಳುವುದನ್ನು ನೋಡಿದವರಿಗೆ ಈ ಮಾತನ್ನು ವಿಸ್ತರಿಸಬೇಕಾಗಿಲ್ಲ.

ಇಲ್ಲಿ ಪ್ರತಿಪಕ್ಷದವರು ಹಳೇಬೀಡಿನತ್ತ ಕೈತೋರಿಸುವರು. ಹಿರಣ್ಯಕಶಿಪುವಿನ ಕರುಳನ್ನು ಬಗೆಯುವ ನರಸಿಂಹನೂ, ಗಜಾಸುರನ ತೊಗಲಿನ ನಡುವೆ ಕುಣಿಯುವ ಶಿವನೂ ಗುಡಿಯ ಗೋಡೆಯ ಮೇಲೆ ಇಲ್ಲವೆ, ರಕ್ತವನ್ನು ಕಂಡು ನಾವೇಕೆ ಅಂಜಬೇಕು ಎಂದು ಅವರ ಪ್ರಶ್ನೆ. ಆ ಕಲ್ಲಿನ ಮುಂದೆ ನಿಂತು ಹೆದರಿ ಓಡಿದ ಮಗುವನ್ನು ನಾನು ಈವರೆಗೆ ಕಂಡಿಲ್ಲ. ಅಲ್ಲಿ ಕರುಳು ಹಾರದಂತೆ ಇಳಿದಿದೆ, ದೇವರ ಕಿರೀಟದಲ್ಲಿ ಮಣಿಮಣಿಗೂ ಕೆಲಸವಿದೆ. ಜುಗುಪ್ಸೆಯು ರೌದ್ರದ ಅಂಗವಾಗಿ ಅಡಗಿದೆ. ರಂಗಭೂಮಿಯ ಮಾತು ಬೇರೆ. ಯುದ್ಧವನ್ನೂ ಮರಣವನ್ನೂ ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸದೆ ಪ್ರವೇಶಕದಿಂದ ತಿಳಿಸಬೇಕೆಂದು ನಾಟ್ಯಶಾಸ್ತ್ರದ ವಿಧಿ. ಭಾಸನು ‘ಊರುಭಂಗ’ದಲ್ಲಿ ಇದನ್ನು ಮೀರಿದನು, ನಿಜ, ಕರುಣವನ್ನು ಸಾಧಿಸಲು ಮೀರಿದನು, ತೊಡೆ ಮುರಿಯುವ ಸದ್ದನ್ನು ಕೇಳಿಸಲು ಅಲ್ಲ.

ಉತ್ತರಭಾಗವು ಪೂರ್ವಭಾಗವನ್ನು ಕೆಡಿಸುವ ಈ ರೋಗವು ದೇಶಾಂತರದಲ್ಲಿಯೂ ಉಂಟು. ಅಮೆರಿಕದಲ್ಲಿ ಜಾನ್ ಕಾರ್ಪೆಂಟರನು 1978ರಲ್ಲಿ ‘ಹ್ಯಾಲೋವೀನ್’ ಎಂಬ ಚಿತ್ರವನ್ನು ತೆಗೆದನು. ಬಿಳಿಯ ಮುಖವಾಡದ ಕೊಲೆಗಾರನು ಏತಕ್ಕಾಗಿ ಕೊಲ್ಲುತ್ತಾನೆಂದು ಅದರಲ್ಲಿ ಯಾರೂ ಹೇಳುವುದಿಲ್ಲ, ರಕ್ತವೂ ಅತ್ಯಲ್ಪ. 1981ರ ಉತ್ತರಭಾಗದಲ್ಲಿ ರಕ್ತವು ಹೆಚ್ಚಿತು. ನಾಯಿಕೆಯು ಅವನ ತಂಗಿಯೆಂಬ ಕಾರಣವೂ ಹುಟ್ಟಿತು. ಅಕಾರಣವಾದ ಕೇಡು ದಾಯಾದಿ ಜಗಳದಷ್ಟಕ್ಕೆ ಇಳಿಯಿತು. 2018ರಲ್ಲಿ ಹೊಸದಾಗಿ ಚಿತ್ರ ತೆಗೆದವರು ಆ ನಂಟನ್ನು ಕಿತ್ತುಹಾಕಬೇಕಾಯಿತು. ನಾಗವಲ್ಲಿಯ ಕಥೆಗೆ ಮೂಲವಾದ 1993ರ ಮಲಯಾಳದ ‘ಮಣಿಚಿತ್ರತಾಳ್’ ಚಿತ್ರವು ಹಿಂದಿಗೆ ಹೋಗಿ 2007ರಲ್ಲಿ ‘ಭೂಲ್ ಭುಲಯ್ಯಾ’ ಆದಾಗಲೂ ದೆವ್ವವಿಲ್ಲದೆಯೇ ನಡೆಯಿತು. 2022ರ ಅದರ ಎರಡನೆಯ ಭಾಗದಲ್ಲಿ ನಿಜವಾದ ದೆವ್ವವೇ ಬಂದು ಕುಳಿತಿತು.

ಇದು ರಸದ ತಕರಾರು ಮಾತ್ರವಾಗಿದ್ದರೆ ನಾನು ಇಷ್ಟು ದೂರ ಬರೆಯುತ್ತಿರಲಿಲ್ಲ. ‘ಆಪ್ತಮಿತ್ರ’ದಲ್ಲಿ ನಾಗವಲ್ಲಿಯು ಗಂಗೆಯ ಮನಸ್ಸಿನ ಬೇನೆ. ವೈದ್ಯನು ಅದನ್ನು ಗುರುತಿಸುತ್ತಾನೆ; ಮಂತ್ರ ಬಲ್ಲ ಆಚಾರ್ಯರು ಅವನೊಡನೆ ಜಗಳವಾಡದೆ ಕೈಗೂಡಿಸುತ್ತಾರೆ. ರೋಗಿಯು ತನ್ನ ಸೇಡನ್ನು ಒಂದು ಪ್ರತಿಕೃತಿಯ ಮೇಲೆ ತೀರಿಸಿಕೊಂಡು ಮರಳಿ ಗಂಗೆಯಾಗುತ್ತಾಳೆ. ಇದು ವೈದ್ಯಶಾಸ್ತ್ರಕ್ಕೆ ಪೂರ್ತಿ ಒಪ್ಪುವ ಚಿಕಿತ್ಸೆಯೆಂದು ನಾನು ಹೇಳೆನು. ಆದರೂ ಹಳ್ಳಿಯ ಟೆಂಟಿನಲ್ಲಿ ಕುಳಿತ ತಾಯಿಗೆ, ಮಗಳ ಮೈಮೇಲೆ ಬಂದುದು ಕಾಯಿಲೆಯಾಗಿರಬಹುದೆಂಬ ಯೋಚನೆಯನ್ನು ಅದು ಕೊಟ್ಟಿತು. ‘ಆಪ್ತರಕ್ಷಕ’ದಲ್ಲಿ ನಾಗವಲ್ಲಿಯ ಚಿತ್ರಪಟವು ಹೋದ ಮನೆಗೆಲ್ಲ ಕೇಡು, ರಾಜನು ನಿಜವಾಗಿಯೂ ಬದುಕಿದ್ದಾನೆ. ಅದೇ ವೈದ್ಯನೇ ಬಂದು ಅದನ್ನೆಲ್ಲ ಕಣ್ಣಾರೆ ಕಂಡ ಮೇಲೆ ಆ ತಾಯಿಯು ಏನೆಂದುಕೊಳ್ಳಬೇಕು? ನಾನು ಪಾಠ ಹೇಳುತ್ತಿದ್ದ ಒಂದು ಊರಿನಲ್ಲಿ, ಗಾಳಿ ಮೆಟ್ಟಿದೆಯೆಂದು ಹುಡುಗಿಯೊಬ್ಬಳನ್ನು ಬೇವಿನ ಬರಲಿನಿಂದ ಬಾಸುಂಡೆ ಬರುವಂತೆ ಹೊಡೆದು, ಶಾಲೆ ಬಿಡಿಸಿದರು. ಶಬ್ದರೂಪಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ ಮಗು ಅದು. ದೆವ್ವ ಬಿಡಿಸುವ ಹೆಸರಿನ ಇಂಥ ಹಿಂಸೆಯನ್ನು ನಮ್ಮ ಶಾಸನಸಭೆಯು 2017ರ ಕಾಯಿದೆಯಿಂದ ನಿಷೇಧಿಸಬೇಕಾಯಿತು.

ಇನ್ನೊಂದು ಮಾತನ್ನು ಮೆಲ್ಲಗೆ ಹೇಳಬೇಕು. ಮೊದಲ ಚಿತ್ರವು ಬಿಡುಗಡೆಯಾಗುವ ಮೊದಲೇ 2004ರ ಏಪ್ರಿಲಿನಲ್ಲಿ ಸೌಂದರ್ಯ ಅವರು ವಿಮಾನಾಪಘಾತದಲ್ಲಿ ತೀರಿಕೊಂಡರು. ಎರಡನೆಯದು ಬರುವ ಮೊದಲು, 2009ರ ಡಿಸೆಂಬರ್ 30ರಂದು, ವಿಷ್ಣುವರ್ಧನರು ಹೋದರು. ‘ಆಪ್ತರಕ್ಷಕ’ದ ಮೇಲೆ ಜನರಿಗಿರುವ ಪ್ರೀತಿಯಲ್ಲಿ ಆ ಕಣ್ಣೀರಿನ ಪಾಲು ದೊಡ್ಡದು, ಅದನ್ನು ಹಳಿಯುವ ಕಠೋರನು ನಾನಲ್ಲ. ಆದರೆ ನಟನನ್ನು ನೆನೆದು ಅತ್ತುದಕ್ಕೆ ಕಥೆಯು ಗಟ್ಟಿಯೆಂಬ ಸಾಕ್ಷ್ಯದ ಬೆಲೆಯಿಲ್ಲ.

ಉತ್ತರಭಾಗದ ಪಕ್ಷದವರು ಆ ಮಂಚದ ಪ್ರಸಂಗಕ್ಕೆ ಸಮನಾದ ಒಂದೇ ಒಂದು ಪ್ರಸಂಗವನ್ನು ತಮ್ಮ ಚಿತ್ರದಿಂದ ಎತ್ತಿ ತೋರಿಸಲಿ. ಸರ್ಪವನ್ನು ಬಿಟ್ಟು ಬೇರೆ ಯಾವುದಾದರೂ ಆದೀತು. ಮುಂದಿನ ಸಂಚಿಕೆಯಲ್ಲಿ ಅದನ್ನು ಓದಲು ಕಾದಿದ್ದೇನೆ.