ತುಂಬುವ ಮೊದಲು ಗಾಳಿ ಹೊರಹೋಗಲಿ

ಕಿರಿದಾದ ಬಾಯಿಯ ಕೊಡವನ್ನು ತೊಟ್ಟಿಯೊಳಗೆ ಅದ್ದಿದರೆ ಅದು ತಕ್ಷಣ ತುಂಬುವುದಿಲ್ಲ. ಗುಳುಗುಳು ಸದ್ದು ಮಾಡುತ್ತ ಒಳಗಿನ ಗಾಳಿ ಹೊರಬಂದಷ್ಟೇ ನೀರು ಒಳಸೇರುತ್ತದೆ. ಬರಿದಾಗಿ ಕಾಣುವ ಕೊಡ ನಿಜಕ್ಕೂ ಬರಿದಲ್ಲ. ಅದರ ತುಂಬ ಗಾಳಿ ಇರುತ್ತದೆ. ‘ಗಾಳಿ ಸ್ಥಳವನ್ನು ಆಕ್ರಮಿಸುತ್ತದೆ’ ಎಂಬುದು ಪ್ರಾಥಮಿಕ ಶಾಲೆಯಲ್ಲಿ ಒಂದಂಕದ ಪ್ರಶ್ನೆಗೆ ಉತ್ತರ. ಅದನ್ನು ಮರೆತರೆ ಕಾರಿನ ಎಂಜಿನ್ನೇ ಕೆಡಬಹುದು. ಹೇಗೆನ್ನುವಿರಾ?

ಹೆಡ್ ಗ್ಯಾಸ್ಕೆಟ್ ಅಥವಾ ವಾಟರ್ ಪಂಪ್ ಬದಲಿಸುವಂಥ ರಿಪೇರಿಯಾದರೆ ಎಂಜಿನ್ನಿನ ಕೂಲಂಟ್ ಅನ್ನು ಬಸಿದು, ಕೆಲಸ ಮುಗಿದ ಮೇಲೆ ಹೊಸದನ್ನು ತುಂಬುತ್ತಾರೆ. ರೇಡಿಯೇಟರಿನ ಬಾಯಿಯವರೆಗೆ ಸುರಿದು ಮುಚ್ಚಳ ಬಿಗಿದರೆ ಮುಗಿಯಿತಲ್ಲ ಎಂದು ತೋರುತ್ತದೆ. ಆದರೆ ಎಂಜಿನ್ನಿನೊಳಗೆ ಕೂಲಂಟ್ ಹರಿಯುವ ದಾರಿ ಅಂಕುಡೊಂಕಿನದು. ಸಿಲಿಂಡರುಗಳ ಸುತ್ತ, ಹೆಡ್ಡಿನೊಳಗೆ, ಹೀಟರಿನ ಸಣ್ಣ ಕೊಳವೆಗಳಲ್ಲಿ ಅದು ಸುತ್ತಿ ಬರಬೇಕು. ಈ ದಾರಿಯ ಎತ್ತರದ ಮೂಲೆಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಮೆಕ್ಯಾನಿಕ್‌ಗಳು ಇದನ್ನು ‘ಏರ್ ಲಾಕ್’ ಎನ್ನುತ್ತಾರೆ. ಪಂಪ್‌ಸೆಟ್ ಇರುವ ರೈತರಿಗೆ ಇದು ಹೊಸದಲ್ಲ. ಪೈಪಿನಲ್ಲಿ ಗಾಳಿ ಸೇರಿದರೆ ಮೋಟಾರು ತಿರುಗಿದರೂ ನೀರು ಮೇಲೇರದು.

ಇಷ್ಟು ಗಾಳಿಗೆ ಹೆದರುವುದೇಕೆ? ಸಿಲಿಂಡರಿನಲ್ಲಿ ಉರಿಯುವ ಅನಿಲದ ತಾಪ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಶಾಖವಾಗಿ ಕೂಲಂಟಿಗೆ ಸೇರುತ್ತದೆ. ಈ ಶಾಖವನ್ನು ಹೊತ್ತೊಯ್ಯುವುದರಲ್ಲಿ ನೀರಿಗೂ ಗಾಳಿಗೂ ಅಜಗಜಾಂತರ. ಒಂದೇ ಗಾತ್ರದ ನೀರು ಮತ್ತು ಗಾಳಿಯನ್ನು ಒಂದೊಂದು ಡಿಗ್ರಿ ಬಿಸಿ ಮಾಡಿದರೆ, ನೀರು ಹೀರುವ ಶಾಖ ಗಾಳಿಯದಕ್ಕಿಂತ ಸುಮಾರು 3500 ಪಟ್ಟು ಹೆಚ್ಚು. ಎಂದರೆ, ಗಾಳಿ ನಿಂತ ಕಡೆ ಲೋಹಕ್ಕೆ ತಂಪೆರೆಯುವವರೇ ಇಲ್ಲ.

ಹಲವು ಕಾರುಗಳಲ್ಲಿ ಎಂಜಿನ್ನಿನ ಕೆಳಭಾಗ ಎರಕದ ಕಬ್ಬಿಣ, ಮೇಲಿನ ಹೆಡ್ ಅಲ್ಯುಮಿನಿಯಂ. ಬಿಸಿಗೆ ಅಲ್ಯುಮಿನಿಯಂ ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಮಿತಿಮೀರಿ ಕಾದರೆ ಹೆಡ್ ಡೊಂಕಾಗುತ್ತದೆ, ಆಗಷ್ಟೇ ಹಾಕಿದ ಹೊಸ ಗ್ಯಾಸ್ಕೆಟ್ ಹೋಗುತ್ತದೆ. ಇನ್ನೊಂದು ಅಪಾಯವೂ ಉಂಟು. ತಾಪ ಅಳೆಯುವ ಸೆನ್ಸರ್ ಕೂಲಂಟಿನಲ್ಲಿ ಮುಳುಗಿರಬೇಕು. ಅದು ಗಾಳಿಯಲ್ಲಿದ್ದರೆ ನಿಜವಾದ ತಾಪ ಅದಕ್ಕೆ ತಿಳಿಯದು. ಒಳಗೆ ಲೋಹ ಕುದಿಯುತ್ತಿದ್ದರೂ ಮುಂದಿನ ಮುಳ್ಳು ‘ಎಲ್ಲ ಕ್ಷೇಮ’ ಎಂದೇ ತೋರಿಸಬಹುದು!

ಹಾಗಾದರೆ ಗಾಳಿ ಹೊರಡಿಸುವುದು ಹೇಗೆ? ಕ್ರಮ ಕಾರಿನಿಂದ ಕಾರಿಗೆ ಬೇರೆ. ಆಯಾ ಕಾರಿನ ಕೈಪಿಡಿಯೇ ಪ್ರಮಾಣ. ಆದರೂ ತತ್ತ್ವ ಒಂದೇ: ಗಾಳಿ ಮೇಲೇರುತ್ತದೆ, ಅದಕ್ಕೆ ಮೇಲೆ ಬಾಗಿಲು ಬೇಕು. ಆದ್ದರಿಂದ ತುಂಬುವ ಬಾಯಿಯೇ ಎಲ್ಲಕ್ಕಿಂತ ಎತ್ತರವಾಗುವಂತೆ ಕಾರಿನ ಮುಂಭಾಗವನ್ನು ತುಸು ಏರಿಸುತ್ತಾರೆ. ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆ ನಿಂತು ಕೂಲಂಟ್ ಧಾರೆಯಾಗಿ ಬರುವವರೆಗೆ ಕಾಯುತ್ತಾರೆ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸುತ್ತಾರೆ. ಅದರ ಕೊಳವೆಯ ಗಾಳಿಗೂ ದಾರಿಯಾಗಬೇಕಲ್ಲ! ಕೂಲಂಟನ್ನು ನಿಧಾನವಾಗಿ ಸುರಿಯುತ್ತಾರೆ.

ಇಷ್ಟಾದರೂ ಒಂದು ಬಾಗಿಲು ಮುಚ್ಚಿಯೇ ಇರುತ್ತದೆ. ಅದು ಥರ್ಮೋಸ್ಟಾಟ್. ಅದರೊಳಗಿನ ಮೇಣ ಸುಮಾರು 80ರಿಂದ 90 ಡಿಗ್ರಿಯಲ್ಲಿ ಕರಗಿ ಹಿಗ್ಗಿದಾಗಲೇ ರೇಡಿಯೇಟರಿನ ದಾರಿ ತೆರೆಯುವುದು. ಅದಕ್ಕಾಗಿ ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿ ಬಿಸಿಯಾಗಲು ಬಿಡುತ್ತಾರೆ. ದಾರಿ ತೆರೆದೊಡನೆ ಅಡಗಿದ್ದ ಗಾಳಿ ಹೊರಟು ಕೂಲಂಟಿನ ಮಟ್ಟ ಇಳಿಯುತ್ತದೆ, ಇಳಿದಷ್ಟನ್ನು ತುಂಬಬೇಕು. ಅವಸರದ ಕೆಲಸದಲ್ಲಿ ತಪ್ಪಿಹೋಗುವುದು ಈ ಹಂತವೇ.

ಇಲ್ಲಿ ಮಕ್ಕಳೂ ಮಾಡಬಹುದಾದ ಲೆಕ್ಕವೊಂದಿದೆ. ಕೈಪಿಡಿಯ ಪ್ರಕಾರ ಐದು ಲೀಟರ್ ಹಿಡಿಯಬೇಕಾದಲ್ಲಿ ನಾಲ್ಕೇ ಲೀಟರ್ ಹಿಡಿಯಿತೆನ್ನಿ. ಉಳಿದ ಒಂದು ಲೀಟರಿನ ಜಾಗದಲ್ಲಿ ಇರುವುದೇನು? ಬಸಿಯದೆ ಉಳಿದ ಹಳೆಯ ಕೂಲಂಟ್, ಇಲ್ಲವೇ ಗಾಳಿ. ಬಸಿದದ್ದನ್ನು ಅಳೆದಿಟ್ಟಿದ್ದರೆ ಉತ್ತರ ಸುಲಭ.

ಏನು ತುಂಬಬೇಕೆಂಬುದೂ ಮುಖ್ಯ. ನಮ್ಮ ನಾಡಿನಲ್ಲಿ ಹಿಮ ಬೀಳದು, ನೀರೇ ಸಾಕು ಎನ್ನುವವರುಂಟು. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಬಿಳಿ ಪದರವನ್ನು ಅವರು ನೆನೆಯಲಿ. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಕಟ್ಟುತ್ತದೆ. ಕೂಲಂಟಿನಲ್ಲಿರುವ ರಾಸಾಯನಿಕಗಳು ತುಕ್ಕು ತಡೆಯುತ್ತವೆ, ಕುದಿಬಿಂದುವನ್ನೂ ಏರಿಸುತ್ತವೆ. ಬೆರೆಸುವ ನೀರು ಬಟ್ಟಿ ಇಳಿಸಿದ್ದಾಗಿರಬೇಕು. ಬಣ್ಣ ನೋಡಿ ಕೂಲಂಟ್ ಆರಿಸಬಾರದು. ಬಣ್ಣ ಒಂದೇ ಆದರೂ ಜಾತಿ ಬೇರೆ ಇರಬಹುದು.

ಪೋಷಕರಿಗೆ ಎರಡು ಎಚ್ಚರಿಕೆಯ ಮಾತು. ಕೂಲಂಟಿನಲ್ಲಿ ಸಾಮಾನ್ಯವಾಗಿ ಬಳಸುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ; ಮೂತ್ರಪಿಂಡಗಳನ್ನು ಕೆಡಿಸಿ ಪ್ರಾಣಕ್ಕೇ ಎರವಾಗಬಲ್ಲದು. ಬಸಿದದ್ದನ್ನು ತೆರೆದ ಬೋಗುಣಿಯಲ್ಲಿ ಇಡಬಾರದು, ಚರಂಡಿಗೂ ಚೆಲ್ಲಬಾರದು, ಕುಡಿಯುವ ನೀರಿನ ಬಾಟಲಿಗಂತೂ ತುಂಬಲೇಬಾರದು. ಎರಡನೆಯದು, ಬಿಸಿ ಎಂಜಿನ್ನಿನ ಮುಚ್ಚಳ. ಅದು ಪ್ರೆಷರ್ ಕುಕ್ಕರಿನ ಮುಚ್ಚಳದಂತೆ. ಒಳಗೆ ಸುಮಾರು ಒಂದು ವಾಯುಭಾರದಷ್ಟು ಹೆಚ್ಚುವರಿ ಒತ್ತಡ ಹಿಡಿದಿಡುವುದರಿಂದ ನೀರು ಕೂಡ 120 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿದು, ಎಲ್ಲ ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಘಾಟಿಯಲ್ಲಿ ಕಾರು ಕಾದು ಹಬೆ ಬಂದರೆ ಎಂಜಿನ್ ನಿಲ್ಲಿಸಿ, ಪೂರ್ತಿ ಆರುವವರೆಗೆ ದೂರ ಕೂರುವುದೇ ಜಾಣತನ.

ಗ್ಯಾರೇಜಿನಿಂದ ಕಾರು ಬಂದ ಮರುದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಕೂಲಂಟಿನ ಡಬ್ಬಿಯ ಗೆರೆಯನ್ನು ಮಕ್ಕಳೊಂದಿಗೆ ನೋಡಿ. ಮಟ್ಟ ಇಳಿದಿದ್ದರೆ ಉಳಿದಿದ್ದ ಗಾಳಿ ಹೊರಟಿದೆ ಎಂದು ತಿಳಿದು ತುಂಬಿಸಿ. ದಿನದಿನವೂ ಇಳಿಯುತ್ತಿದ್ದರೆ ಅದು ಗಾಳಿಯಲ್ಲ, ಸೋರಿಕೆ. ಆಗ ತಡಮಾಡದೆ ಮೆಕ್ಯಾನಿಕ್‌ಗೆ ತೋರಿಸಿ.